ಆರು–ಏಳರ ಪಂಚಾಯಿತಿ

(ಸಿಡ್ನಿ, 2014. ಕ್ವೀನ್ಸ್‌ಲ್ಯಾಂಡ್ ವಿರುದ್ಧದ ಸ್ಟೇಟ್ ಆಫ್ ಆರಿಜಿನ್ ರಗ್ಬಿ ಲೀಗ್ ಸರಣಿಗೆ ನ್ಯೂ ಸೌತ್ ವೇಲ್ಸ್ ತಂಡ ಆರಿಸುವ ಕಾಲ್ಪನಿಕ ಸಭೆ.)

ಹಿರಿಯರು: 2006ರಿಂದ 2013ರವರೆಗೆ ಎಂಟೂ ಸರಣಿ ಕ್ವೀನ್ಸ್‌ಲ್ಯಾಂಡ್ ಪಾಲಾಯ್ತು. ತಪ್ಪು ಯಾರದ್ದು?

ಕಿರಿಯ: ಆರನೇ ನಂಬರಿನ ಫೈವ್-ಏಯ್ತ್, ಏಳನೇ ನಂಬರಿನ ಹಾಫ್‌ಬ್ಯಾಕ್, ಇಬ್ಬರದ್ದೇ ಸಾರ್. ಆಟದ ಸೂತ್ರ ಅವರ ಕೈಲಿ ತಾನೆ?

ಹಿರಿಯರು: ಮತ್ತೆ ಉಳಿದ ಹನ್ನೊಂದು ಜನ?

ಕಿರಿಯ: ಅವರು ಓಡ್ತಾರೆ, ಗುದ್ದಿಕೊಳ್ತಾರೆ, ರಕ್ತ ಸುರಿಸ್ತಾರೆ. ಬೈಯೋಕೆ ಮನಸ್ಸು ಬರಲ್ಲ.

ಹಿರಿಯರು: ಸರಿ, ಈ ಇಬ್ಬರನ್ನೂ ಬದಲಾಯಿಸಿ.

ಕಿರಿಯ: ಸೋತು ಸೋತು ಜೋಡಿ ಬದಲಾಯಿಸ್ತಾನೇ ಬಂದಿದ್ದೀವಲ್ಲ ಸಾರ್! ಅತ್ತ ಕ್ವೀನ್ಸ್‌ಲ್ಯಾಂಡ್‌ನವರು 2005ರಿಂದ ತಮ್ಮ ಸೂತ್ರಧಾರ ಜೊನಾಥನ್ ಥರ್ಸ್ಟನ್‌ನನ್ನ ಒಂದು ಪಂದ್ಯಕ್ಕೂ ಕೈಬಿಟ್ಟಿಲ್ಲ.

ಹಿರಿಯರು: ಅವರಿಗೆ ಹೊಸದಾಗಿ ಯೋಚಿಸೋಕೆ ಬರಲ್ಲ ಬಿಡಿ.

ಕಿರಿಯ: ಗೆಲ್ಲೋಕೆ ಬರುತ್ತೆ.

ಹಿರಿಯರು: (ಕೆಮ್ಮಿ) ನಿಮ್ಮ ಸಲಹೆ?

ಕಿರಿಯ: ಬುಲ್‌ಡಾಗ್ಸ್ ಕ್ಲಬ್ಬಿನ ಜೋಡಿ. ಜೋಶ್ ರೆನಾಲ್ಡ್ಸ್, ಟ್ರೆಂಟ್ ಹಾಡ್ಕಿನ್ಸನ್. ಕ್ಲಬ್ಬಿಗೆ ಒಟ್ಟಿಗೇ ಆಡ್ತಾರೆ. ಒಬ್ಬನ ನಡೆ ಇನ್ನೊಬ್ಬನಿಗೆ ಗೊತ್ತು.

ಹಿರಿಯರು: ಹೊಂದಿಕೊಂಡಿರೋರನ್ನೇ ಆರಿಸೋದಾದ್ರೆ ಆಯ್ಕೆ ಸಮಿತಿ ಯಾಕ್ರೀ ಬೇಕು?

(ಮೂರು ಪಂದ್ಯಗಳ ಸರಣಿಯಲ್ಲಿ ಮೊದಲನೆಯದನ್ನು ಗೆದ್ದಾಯ್ತು. ಎರಡನೇ ಪಂದ್ಯ. ಹಾಡ್ಕಿನ್ಸನ್ ತಾನೇ ಚೆಂಡನ್ನು ಎದುರಾಳಿಯ ಗೆರೆಯಾಚೆ ಊರಿ ಟ್ರೈ ಗಳಿಸಿ, ಅದರ ಬೆನ್ನಿಗೆ ಸಿಗುವ ಒದೆತವಾದ ಕನ್ವರ್ಷನ್ನೂ ತಾನೇ ಒದೆಯುತ್ತಾನೆ. 6–4. ಸರಣಿ ನ್ಯೂ ಸೌತ್ ವೇಲ್ಸ್‌ಗೆ.)

ಹಿರಿಯರು: ನೋಡಿದ್ರಾ ನನ್ನ ದೂರದೃಷ್ಟಿ! ಮೊದಲಿಂದಲೂ ಹೇಳ್ತಾನೇ ಇದ್ದೆ.

ಕಿರಿಯ: ಮೂರನೇ ಪಂದ್ಯ ಸೋತರೆ ಸಾರ್?

ಹಿರಿಯರು: ಸಲಹೆ ನಿಮ್ಮದು ಅಂತ ಸಭೆಯ ನಡಾವಳಿಯಲ್ಲಿ ಆಗಲೇ ಬರೆಸಿದ್ದೀನಿ.