ಶಾಸಕಪೀಡನ ಸೂತ್ರಗಳು (ಭಾಷ್ಯಸಹಿತ)

ಅವತರಣಿಕೆ

ರಾಜನನ್ನು ಓಲೈಸುವುದು ಹೇಗೆಂದು ಹೇಳುವ ಶಾಸ್ತ್ರಗಳು ಬೇಕಾದಷ್ಟಿವೆ. ಪ್ರಜೆಯನ್ನು ಹಿಂಡುವುದು ಹೇಗೆಂದು ಹೇಳುವವೂ ಇವೆ. ಶಾಸಕನನ್ನು ಹಿಂಡುವ ವಿಧಾನದ ಬಗ್ಗೆ ಮಾತ್ರ ಪೂರ್ವಾಚಾರ್ಯರು ತುಟಿ ಬಿಚ್ಚಿಲ್ಲ. ಆ ಕೊರತೆಯನ್ನು ನೀಗಲೆಂದು ಈ ಕಿರುಗ್ರಂಥ. ಶಾಸ್ತ್ರಮರ್ಯಾದೆಯಂತೆ ನಾಲ್ಕು ಅನುಬಂಧಗಳನ್ನು ಮೊದಲೇ ಹೇಳಿಬಿಡುತ್ತೇವೆ. ಅಧಿಕಾರಿ: ಮತ ಹಾಕಿ ಮರುದಿನ ಮರೆಯುವವನು. ವಿಷಯ: ಬಂದೂಕು ನಿಯಂತ್ರಣಕ್ಕೆ ಕೈಯೆತ್ತಿದ ಶಾಸಕನ ಗತಿ. ಸಂಬಂಧ: ಎತ್ತಿದ ಕೈಗೂ ಹೋದ ಕುರ್ಚಿಗೂ ಇರುವಂಥದ್ದು. ಪ್ರಯೋಜನ: ಫಲಶ್ರುತಿಯಲ್ಲಿ.

ದೇಶ: ಅಮೆರಿಕದ ಕೊಲೊರಾಡೊ ರಾಜ್ಯ. ಕಾಲ: 2013. ನಮ್ಮ ಕಡೆಯ ಉದಾಹರಣೆ ಯಾಕಿಲ್ಲ ಎಂದು ಆಕ್ಷೇಪಿಸುವವರಿಗೆ ಸಮಾಧಾನ ಇಷ್ಟೇ: ಮತದಾರರು ಅರ್ಜಿ ಹಾಕಿ ಶಾಸಕನನ್ನು ಅವಧಿಗೆ ಮೊದಲೇ ವಾಪಸ್ ಕರೆಸಿಕೊಳ್ಳುವ ಏರ್ಪಾಡು ನಮ್ಮಲ್ಲಿಲ್ಲ. ನಮ್ಮ ಶಾಸಕರು ತಾವೇ ರಾಜೀನಾಮೆ ಕೊಟ್ಟು, ರೆಸಾರ್ಟಿನಲ್ಲಿ ನಾಲ್ಕು ದಿನ ತಂಗಿ, ಇನ್ನೊಂದು ಪಕ್ಷದ ಶಾಲು ಹೊದ್ದು ವಾಪಸ್ ಬರುತ್ತಾರೆ. ಮತದಾರನಿಗೆ ಶ್ರಮವಿಲ್ಲ.

ಸೂತ್ರ 1: ಕಾರಣವಿಲ್ಲದೆ ಕಾನೂನಿಲ್ಲ, ಕಾರಣವೊಂದೇ ಸಾಲುವುದೂ ಇಲ್ಲ.

ಭಾಷ್ಯ: 1999ರ ಏಪ್ರಿಲ್ 20ರಂದು ಕೊಲೊರಾಡೊದ ಕೊಲಂಬೈನ್ ಹೈಸ್ಕೂಲಿನಲ್ಲಿ 12 ವಿದ್ಯಾರ್ಥಿಗಳೂ ಒಬ್ಬ ಶಿಕ್ಷಕರೂ ಗುಂಡಿಗೆ ಬಲಿಯಾದರು. ಇದು ಕಾರಣ. ಶಾಸಕಾಂಗದಲ್ಲಿ ಬಂದೂಕು ಮೇಳಗಳ ಮಟ್ಟಿಗೆ ಇದರ ಕಾರ್ಯ ಹುಟ್ಟಲಿಲ್ಲ. ಕೊನೆಗೆ 2000ದಲ್ಲಿ ಜನರೇ ನೇರವಾಗಿ ಮತ ಹಾಕಿ, ಬಂದೂಕು ಮೇಳಗಳಲ್ಲಿ ಕೊಳ್ಳುವವರ ಪೂರ್ವಾಪರ ತಪಾಸಣೆಯನ್ನು ಕಡ್ಡಾಯ ಮಾಡಿಕೊಂಡರು. 2012ರ ಜುಲೈ 20ರಂದು ಔರೋರಾದ ಚಿತ್ರಮಂದಿರದಲ್ಲಿ, ಬ್ಯಾಟ್‌ಮನ್ ಚಿತ್ರದ ನಡುರಾತ್ರಿಯ ಪ್ರದರ್ಶನದಲ್ಲಿ 12 ಜನ ಸತ್ತರು, 70 ಜನ ಗಾಯಗೊಂಡರು. ಅದೇ ಡಿಸೆಂಬರಿನಲ್ಲಿ ದೂರದ ಕನೆಕ್ಟಿಕಟ್ ರಾಜ್ಯದ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳೂ ಆರು ಮಂದಿ ಸಿಬ್ಬಂದಿಯೂ ಹತರಾದರು. ಇಷ್ಟೆಲ್ಲ ಕಾರಣ ಕೂಡಿದ ಮೇಲೆ, 2013ರ ಮಾರ್ಚ್ 20ರಂದು ಗವರ್ನರ್ ಜಾನ್ ಹಿಕನ್‌ಲೂಪರ್ ಮೂರು ಮಸೂದೆಗಳಿಗೆ ಸಹಿ ಹಾಕಿದರು. ಹದಿನೈದಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್ ಮಾರುವಂತಿಲ್ಲ. ಖಾಸಗಿ ಮಾರಾಟಕ್ಕೂ ತಪಾಸಣೆ ಬೇಕು. ತಪಾಸಣೆಯ ಶುಲ್ಕ ಕೊಳ್ಳುವವನದು.

ಸೂತ್ರ 2: ಸ್ವಾತಂತ್ರ್ಯವು ಹದಿನಾರನೆಯ ಗುಂಡಿನಲ್ಲಿ ನೆಲೆಸಿದೆ.

ಭಾಷ್ಯ: ಒಂದರಿಂದ ಹದಿನೈದರವರೆಗಿನ ಗುಂಡುಗಳನ್ನು ಕಾನೂನು ಮುಟ್ಟಲಿಲ್ಲ. ಆದರೂ ಸ್ವಾತಂತ್ರ್ಯವೇ ಹೋಯಿತೆಂಬ ಕೂಗೆದ್ದಿತು. ಮುಟ್ಟಿದ್ದು ಹದಿನಾರನೆಯದನ್ನು, ಹೋದದ್ದು ಸ್ವಾತಂತ್ರ್ಯ. ಆದ್ದರಿಂದ ಅದು ಇದ್ದದ್ದು ಅಲ್ಲೇ. ಮ್ಯಾಗಜೀನ್ ತಯಾರಿಸುತ್ತಿದ್ದ ಮ್ಯಾಗ್‌ಪುಲ್ ಕಂಪನಿಗೂ ಇದು ತಿಳಿದಿತ್ತು. ಕಾನೂನು ಜುಲೈ 1ಕ್ಕೆ ಜಾರಿಯಾಗಬೇಕು. ಜೂನ್ 29ರಂದು ಡೆನ್ವರ್ ಬಳಿ ಉತ್ಸವ ನಡೆಸಿ, ಮೂವತ್ತು ಗುಂಡಿನ ಮ್ಯಾಗಜೀನುಗಳನ್ನು ಹೆಲಿಕಾಪ್ಟರಿನಲ್ಲಿ ತರಿಸಿ ಪುಕ್ಕಟೆ ಹಂಚಿತು. ಆಮೇಲೆ ತಯಾರಿಕೆಯನ್ನು ವಯೋಮಿಂಗ್‌ಗೂ ಮುಖ್ಯ ಕಚೇರಿಯನ್ನು ಟೆಕ್ಸಾಸ್‌ಗೂ ಸಾಗಿಸಿತು. ಕಾನೂನನ್ನು ಜಾರಿ ಮಾಡಬೇಕಾದ ಶೆರಿಫ್‌ಗಳಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಆ ಕಾನೂನಿನ ಮೇಲೆಯೇ ದಾವೆ ಹೂಡಿದರು.

ಈ ಸೂತ್ರದ ಪರಾಕಾಷ್ಠೆ 2014ರ ಫೆಬ್ರವರಿಯದು. ಮಿತಿಯನ್ನು ರದ್ದುಮಾಡಬೇಕೆಂದು ಮಸೂದೆ ತಂದ ಸೆನೆಟರ್ ಬರ್ನಿ ಹರ್ಪಿನ್ ಸಮಿತಿಯ ಮುಂದೆ ಒಂದು ತರ್ಕವನ್ನಿಟ್ಟರು. ಔರೋರಾದ ಹಂತಕನ ಬಳಿ ನೂರು ಗುಂಡಿನ ಡ್ರಮ್ ಮ್ಯಾಗಜೀನ್ ಇದ್ದದ್ದು ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತೇನೋ. ಅದು ನಡುವೆ ಸಿಕ್ಕಿಕೊಂಡಿತು, ಹದಿನೈದರವು ನಾಲ್ಕಾರಿದ್ದಿದ್ದರೆ ಇನ್ನೆಷ್ಟು ಹಾನಿಯಾಗುತ್ತಿತ್ತೋ ಎಂಬುದು ಅದರ ಸಾರ. ತರ್ಕಶಾಸ್ತ್ರ ಇದನ್ನು ಒಪ್ಪಿದರೆ ಸಾವಿರ ಗುಂಡಿನ ಡ್ರಮ್ಮನ್ನು ಕಡ್ಡಾಯಗೊಳಿಸುವುದೇ ಪರಮ ನಿಯಂತ್ರಣವೆಂದಾಗುತ್ತದೆ. ಅಷ್ಟು ದೂರ ಹೋಗುವ ಧೈರ್ಯ ಯಾವ ಪಕ್ಷಕ್ಕೂ ಬರಲಿಲ್ಲ.

ಸೂತ್ರ 3: ಪದವಿ ಹಿರಿದು, ಗೆಲುವು ಕಿರಿದು, ಅಂಥವನೇ ಪೀಡ್ಯ.

ಭಾಷ್ಯ: ಅವಧಿಗೆ ಮೊದಲೇ ವಾಪಸ್ ಕರೆಸಲು ಕಾನೂನಿನ ವಿರೋಧಿಗಳು ಮೊದಲು ಗುರಿಯಿಟ್ಟದ್ದು ನಾಲ್ವರು ಡೆಮಾಕ್ರಟರ ಮೇಲೆ. ಸಾಕಷ್ಟು ಸಹಿ ಕೂಡಿದ್ದು ಇಬ್ಬರ ಮಟ್ಟಿಗೆ: ಕೊಲೊರಾಡೊ ಸ್ಪ್ರಿಂಗ್ಸ್‌ನ ಜಾನ್ ಮೋರ್ಸ್ ಮತ್ತು ಪ್ವೆಬ್ಲೊದ ಆಂಜೆಲಾ ಹಿರೋನ್. ಮೋರ್ಸ್ ರಾಜ್ಯದ ಮೇಲ್ಮನೆಯಾದ ಸೆನೆಟ್ಟಿನ ಅಧ್ಯಕ್ಷ. ಹಿಂದೆ ಆಂಬುಲೆನ್ಸಿನಲ್ಲಿ ಪ್ಯಾರಾಮೆಡಿಕ್, ಆಮೇಲೆ ಪೊಲೀಸ್, ಆಮೇಲೆ ಫೌಂಟನ್ ಪಟ್ಟಣದ ಪೊಲೀಸ್ ಮುಖ್ಯಸ್ಥ, ಲೆಕ್ಕಪರಿಶೋಧಕ ಕೂಡ. ಗುಂಡು ಹೊರಡುವ ತುದಿಯನ್ನೂ ಹೊಗುವ ತುದಿಯನ್ನೂ ಕಂಡವನು ಬಂದೂಕಿನ ಬಗ್ಗೆ ಮಾತಾಡಲು ಅರ್ಹನಲ್ಲವೆಂದು ವಿರೋಧಿಗಳು ತೀರ್ಮಾನಿಸಿದರು.

ಲೆಕ್ಕಪರಿಶೋಧಕನ ಗತಿಯನ್ನು ಲೆಕ್ಕದಿಂದಲೇ ನಿರೂಪಿಸುವುದು ಉಚಿತ. 2010ರಲ್ಲಿ ಆತನ ಕ್ಷೇತ್ರದಲ್ಲಿ ಬಿದ್ದ ಮತ 28,712. ಆತ ಗೆದ್ದದ್ದು 340 ಮತಗಳಿಂದ. ವಾಪಸ್ ಕರೆಸುವ ಚುನಾವಣೆಗೆ ಹಿಂದಿನ ಮತಗಳ ಕಾಲುಭಾಗದಷ್ಟು ಸಹಿ ಬೇಕು, ಅಂದರೆ 7,178. ಈ ಹಕ್ಕನ್ನು ರಾಜ್ಯದ ಸಂವಿಧಾನಕ್ಕೆ ಸೇರಿಸಿದ್ದು 1912ರಲ್ಲಿ. ಅದರಲ್ಲಿ ಶಾಸಕರಿಗೊಂದು ವಿಶೇಷ ಕೃಪೆಯೂ ಇದೆ. ಉಳಿದ ಚುನಾಯಿತರ ಮೇಲೆ ಅರ್ಜಿ ಹಾಕಲು ಆರು ತಿಂಗಳು ಕಾಯಬೇಕು. ಶಾಸಕನ ಮೇಲೆ ಹಾಕಲು ಸದನ ಕೂಡಿ ಐದು ದಿನ ಕಳೆದರೆ ಸಾಕು. ಒಂದು ಶತಮಾನ ಈ ಹಕ್ಕಿನಿಂದ ಒಬ್ಬ ಶಾಸಕನೂ ಕುರ್ಚಿ ಬಿಟ್ಟಿರಲಿಲ್ಲ. ಮೊದಲ ಪೂಜೆ ಇವರಿಬ್ಬರಿಗೆ.

ಇನ್ನೊಂದು ಸ್ವಾರಸ್ಯವಿದೆ. ಅವಧಿಮಿತಿಯ ನಿಯಮದಂತೆ ಮೋರ್ಸ್ ಮತ್ತೆ ಸೆನೆಟ್ಟಿಗೆ ನಿಲ್ಲುವಂತಿರಲಿಲ್ಲ. ಆತನಿಗೆ ಉಳಿದಿದ್ದ ವಾರ್ಷಿಕ ಅಧಿವೇಶನ ಒಂದೇ, 120 ದಿನದ್ದು. ಹೊರಟು ನಿಂತವನನ್ನು ಹೊರಗೆ ಹಾಕಲು ಇಷ್ಟು ಶ್ರಮ ಏಕೆಂದರೆ, ಪೀಡನದ ಫಲ ಪೀಡ್ಯನಿಗಾಗಿ ಅಲ್ಲ, ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತಿರುವವನಿಗಾಗಿ.

ಸೂತ್ರ 4: ಪೀಡನಕ್ಕೆ ಹಣ ಕಾರಣವಲ್ಲ, ಬಹುಮತವೂ ಅಲ್ಲ.

ಭಾಷ್ಯ: ಮೊದಲ ಪೂರ್ವಪಕ್ಷ ಹೀಗೆ: ಎಲ್ಲ ಹಣದ ಮಹಿಮೆ, ರಾಷ್ಟ್ರೀಯ ರೈಫಲ್ ಸಂಘ ದುಡ್ಡು ಸುರಿಯಿತು, ಶಾಸಕರು ಬಿದ್ದರು. ಇದು ನಿಲ್ಲುವುದಿಲ್ಲ. ರೈಫಲ್ ಸಂಘ ಸುರಿದದ್ದು ಸುಮಾರು ಮೂರೂವರೆ ಲಕ್ಷ ಡಾಲರ್. ನ್ಯೂಯಾರ್ಕಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಒಬ್ಬರೇ ಶಾಸಕರ ಪರವಾಗಿ ಅಷ್ಟೇ ಕೊಟ್ಟರು. ಒಟ್ಟು ಲೆಕ್ಕದಲ್ಲಿ ಶಾಸಕರ ಪರ ಖರ್ಚಾದದ್ದು ವಿರೋಧಿಗಳದ್ದಕ್ಕಿಂತ ಹಲವು ಪಟ್ಟು. ಹಣವೇ ಕಾರಣವಾಗಿದ್ದರೆ ಇಬ್ಬರೂ ಗೆಲ್ಲಬೇಕಿತ್ತು. ಪ್ವೆಬ್ಲೊದಲ್ಲಿ ಚಳವಳಿ ಕಟ್ಟಿದವನು ಒಬ್ಬ ಪ್ಲಂಬರ್.

ಎರಡನೆಯ ಪೂರ್ವಪಕ್ಷ: ಹಾಗಾದರೆ ಜನಕ್ಕೆ ಆ ಕಾನೂನು ಬೇಡವಾಗಿತ್ತು. ಇದೂ ನಿಲ್ಲುವುದಿಲ್ಲ. ಬಂದೂಕು ಕೊಳ್ಳುವವರೆಲ್ಲರ ಪೂರ್ವಾಪರ ತಪಾಸಣೆ ಆಗಬೇಕೆ ಎಂದು ಕೇಳಿದ ಸಮೀಕ್ಷೆಗಳಲ್ಲಿ ದೊಡ್ಡ ಬಹುಮತ ಹೌದೆಂದಿತ್ತು. ಬಂದೂಕು ಇಟ್ಟುಕೊಂಡವರಲ್ಲೂ ಅನೇಕರು ಹೌದೆಂದಿದ್ದರು.

ಈಗ 2013ರ ಸೆಪ್ಟೆಂಬರ್ 10, ಮಂಗಳವಾರದ ಫಲಿತಾಂಶ ನೋಡಿ. ಮೋರ್ಸ್ ಹೋಗಲಿ ಎಂದವರು 9,131. ಇರಲಿ ಎಂದವರು 8,812. ಅಂತರ 319. ಮೂರು ವರ್ಷದ ಹಿಂದೆ ಆತನಿಗೆ ಬಿದ್ದಿದ್ದ ಮತ 13,866. ಅಂದರೆ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಕಳಿಸಿದವನನ್ನು ಒಂಬತ್ತು ಸಾವಿರ ಚಿಲ್ಲರೆ ಜನ ಕರೆಸಿಕೊಂಡರು. 2012ರಲ್ಲಿ ಒಬಾಮಾ ಭಾರೀ ಅಂತರದಿಂದ ಗೆದ್ದಿದ್ದ ಪ್ವೆಬ್ಲೊ ಕ್ಷೇತ್ರದಲ್ಲಿ ಹಿರೋನ್ 56ಕ್ಕೆ 44ರಂತೆ ಸೋತರು.

ಇಲ್ಲೊಂದು ಉಪಕಾರಣವನ್ನು ಸೇರಿಸಬೇಕು. ಎಲ್ಲ ಮತದಾರರ ಮನೆಗೂ ಅಂಚೆಯಲ್ಲಿ ಮತಪತ್ರ ಹೋಗಬೇಕೆಂದು ಇದೇ ಶಾಸಕಾಂಗ ಅದೇ ವರ್ಷ ಕಾನೂನು ಮಾಡಿತ್ತು. ಆದರೆ 1912ರ ನಿಯಮದಲ್ಲಿ, ಚುನಾವಣೆಗೆ 15 ದಿನ ಇರುವವರೆಗೂ ಅಭ್ಯರ್ಥಿಗಳು ಕಣಕ್ಕಿಳಿಯಬಹುದು. ಅಷ್ಟು ತಡವಾಗಿ ಹೆಸರು ಸೇರಿದರೆ ಮತಪತ್ರ ಅಚ್ಚಾಗಿ, ಅಂಚೆಗೆ ಬಿದ್ದು, ಮನೆ ತಲುಪಿ, ತುಂಬಿ ವಾಪಸ್ ಬರುವುದು ಯಾವಾಗ? ನ್ಯಾಯಾಲಯ ಹಳೆಯ ನಿಯಮವನ್ನೇ ಎತ್ತಿಹಿಡಿಯಿತು. ಮತ ಹಾಕಬೇಕಾದರೆ ಎದ್ದು ಮತಗಟ್ಟೆಗೆ ಹೋಗಬೇಕಾಯಿತು. ಅಭಿಪ್ರಾಯ ಮನೆಯಲ್ಲೇ ಉಳಿಯಿತು. ಸಿಟ್ಟು ಸಾಲಿನಲ್ಲಿ ನಿಂತಿತು.

ಸೂತ್ರ 5: ಬೇಕೆನ್ನುವವನಿಗೆ ನೂರು ಬೇಕು, ಬೇಡವೆನ್ನುವವನಿಗೆ ಒಂದೇ ಬೇಡ.

ಭಾಷ್ಯ: ಇದೇ ಸಿದ್ಧಾಂತ. ತಪಾಸಣೆ ಬೇಕೆಂದವನಿಗೆ ಒಳ್ಳೆಯ ಶಾಲೆ, ಅಗ್ಗದ ಔಷಧಿ, ಕಡಿಮೆ ತೆರಿಗೆಗಳೂ ಬೇಕು. ಸೆಪ್ಟೆಂಬರಿನ ಮಂಗಳವಾರ ಸಂಜೆ ಮಗನ ಫುಟ್‌ಬಾಲ್ ಪಂದ್ಯಕ್ಕೂ ಹೋಗಬೇಕು. ಬೇಡವೆಂದವನಿಗೆ ಅಂದು ಬೇರೆ ಕೆಲಸವಿಲ್ಲ. ಆದ್ದರಿಂದ ಶಾಸಕನ ಹೆಗಲ ಮೇಲಿನ ಭಾರವನ್ನು ತಲೆ ಎಣಿಸಿ ಅಳೆಯಬಾರದು. ಒಂದೊಂದು ತಲೆಯಲ್ಲಿ ಎಷ್ಟು ಕಾಲ ಒಂದೇ ವಿಷಯ ನಿಲ್ಲುತ್ತದೆಂದು ನೋಡಿ ಅಳೆಯಬೇಕು.

ಈ ನಿಯಮ ಕೊಲೊರಾಡೊದಲ್ಲಿ ಹುಟ್ಟಿದ್ದಲ್ಲ. ಕ್ಯಾಲಿಫೋರ್ನಿಯದ ಸೆನೆಟರ್ ಡೇವಿಡ್ ರೊಬರ್ಟಿ 1989ರಲ್ಲಿ ಅಸಾಲ್ಟ್ ಬಂದೂಕುಗಳ ನಿಷೇಧ ತಂದವರಲ್ಲಿ ಒಬ್ಬರು. ಐದು ವರ್ಷ ಕಳೆದರೂ ಬಂದೂಕಿನವರು ಮರೆಯದೆ 1994ರಲ್ಲಿ ಅವರನ್ನು ಇಂಥದೇ ಚುನಾವಣೆಗೆ ಎಳೆದರು. ಅವರು ಗೆದ್ದರು. ಅದೇ ವರ್ಷ ರಾಜ್ಯದ ಖಜಾಂಚಿ ಹುದ್ದೆಗೆ ನಿಂತು, ಸ್ವಪಕ್ಷದ ಒಳಚುನಾವಣೆಯಲ್ಲೇ ಸೋತರು.

ಈ ಸಿದ್ಧಾಂತವನ್ನು ಚೆನ್ನಾಗಿ ಮನನ ಮಾಡಿಕೊಂಡವರು ಕೊಲೊರಾಡೊದ ಸೆನೆಟರ್ ಈವಿ ಹುಡಾಕ್. ಇಬ್ಬರು ಬಿದ್ದ ಮೇಲೆ ಡೆಮಾಕ್ರಟರ ಬಲ 18ಕ್ಕೆ 17. ಇನ್ನೊಂದು ಸ್ಥಾನ ಹೋದರೆ ಸೆನೆಟ್ಟೇ ಕೈತಪ್ಪುತ್ತದೆ. ತಮ್ಮ ಮೇಲೂ ಸಹಿ ಸಂಗ್ರಹ ನಡೆದಿದ್ದಾಗ, ನವೆಂಬರಿನಲ್ಲಿ ಹುಡಾಕ್ ತಾವಾಗಿ ರಾಜೀನಾಮೆ ಕೊಟ್ಟರು. ರಾಜೀನಾಮೆ ಕೊಟ್ಟರೆ ಖಾಲಿ ಸ್ಥಾನ ತುಂಬುವುದು ಸ್ವಪಕ್ಷದ ಸಮಿತಿ. ಹಿಡಿಯಲು ಬಂದವರ ಕೈಗೆ ಕುರ್ಚಿಯೂ ಸಿಗಲಿಲ್ಲ, ಕೂತವರೂ ಸಿಗಲಿಲ್ಲ.

ಸೂತ್ರ 6: ಶಾಸಕ ಅನಿತ್ಯ, ಶಾಸನ ಮೊಂಡು.

ಭಾಷ್ಯ: 2014ರ ನವೆಂಬರಿನಲ್ಲಿ ಕಳೆದುಹೋಗಿದ್ದ ಎರಡು ಸ್ಥಾನಗಳನ್ನೂ ಡೆಮಾಕ್ರಟರು ಮರಳಿ ಗೆದ್ದರು. ಡ್ರಮ್ ತರ್ಕದ ಹರ್ಪಿನ್ ಕೂತಿದ್ದು ಮೋರ್ಸ್‌ರ ಕುರ್ಚಿಯಲ್ಲೇ. ಅದು ಹದಿನಾಲ್ಕು ತಿಂಗಳಿಗೆ ಕೈತಪ್ಪಿತು. ಹದಿನೈದು ಗುಂಡಿನ ಮಿತಿಯನ್ನು ರಾಜ್ಯದ ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ಇಷ್ಟು ಹಿಂಡಿದ್ದರಲ್ಲಿ ಕಾನೂನಿನ ಒಂದು ಅಕ್ಷರವೂ ಉದುರಲಿಲ್ಲ.

ಅಪವಾದ: ಐದನೆಯ ಸೂತ್ರವನ್ನು ತಿರುಗಿಸಿ ಹಿಡಿದರೆ ಏನಾಗುತ್ತದೆ? ಬೇಕೆನ್ನುವವನಿಗೂ ಒಂದೇ ಬೇಕು ಇದ್ದರೆ? ಔರೋರಾದ ಚಿತ್ರಮಂದಿರದಲ್ಲಿ ಸತ್ತವರಲ್ಲಿ ಟಾಮ್ ಸಲಿವನ್ ಅವರ ಮಗ ಅಲೆಕ್ಸ್ ಒಬ್ಬ. ಅಂದು ಅವನಿಗೆ ಇಪ್ಪತ್ತೇಳು ತುಂಬಿತ್ತು. 2018ರಲ್ಲಿ ಸಲಿವನ್ ಶಾಸಕರಾದರು. 2019ರಲ್ಲಿ, ಅಪಾಯಕಾರಿಯೆಂದು ಕಂಡವನ ಬಂದೂಕನ್ನು ನ್ಯಾಯಾಲಯದ ಆದೇಶದಿಂದ ಕೆಲಕಾಲ ತೆಗೆದಿಡುವ ಕಾನೂನು ತಂದರು. ವಿರೋಧಿಗಳು ಹಳೆಯ ಅಸ್ತ್ರವನ್ನೇ ತೆಗೆದು ಸಹಿ ಸಂಗ್ರಹ ಆರಂಭಿಸಿದರು. ಜೂನ್‌ನಲ್ಲಿ ತಾವೇ ಕೈಬಿಟ್ಟರು. ಹೆದರಿಸಲು ಹೊರಟವರ ಬಳಿ ಇದ್ದದ್ದು ಒಂದು ಕುರ್ಚಿ ಮಾತ್ರ. ಸಲಿವನ್ ಕಳೆದುಕೊಂಡಿದ್ದು ಅದಕ್ಕಿಂತ ದೊಡ್ಡದು. 2022ರಲ್ಲಿ ಅವರು ಸೆನೆಟ್ಟಿಗೂ ಬಂದರು. ಬಿಚ್ಚಿ ಬದಲಿಸುವ ಮ್ಯಾಗಜೀನ್‌ನ ಅನೇಕ ಬಗೆಯ ಬಂದೂಕು ಕೊಳ್ಳಲು ತರಬೇತಿ ಬೇಕೆನ್ನುವ ಅವರ ಮಸೂದೆಗೆ 2025ರ ಏಪ್ರಿಲ್‌ನಲ್ಲಿ ಗವರ್ನರ್ ಜಾರೆಡ್ ಪೋಲಿಸ್ ಸಹಿ ಹಾಕಿದರು. ಅಪವಾದವು ಸೂತ್ರವನ್ನು ಮುರಿಯಲಿಲ್ಲ. ಅದು ಯಾರ ಸೊತ್ತೂ ಅಲ್ಲವೆಂದು ತೋರಿಸಿತು.

ಫಲಶ್ರುತಿ

ಈ ಸೂತ್ರಗಳನ್ನು ಮಸೂದೆಯ ಹಿಂದಿನ ರಾತ್ರಿ ಓದಿದ ಶಾಸಕನ ಕೈ ಅರ್ಧಕ್ಕೆ ಮಾತ್ರ ಮೇಲೇಳುತ್ತದೆ. ಗೆದ್ದ ಹೊಸತರಲ್ಲಿ ಓದಿದವನಿಗೆ ಐದು ದಿನಗಳ ಪೂರ್ಣ ನೆಮ್ಮದಿ ಲಭಿಸುತ್ತದೆ. ಬಂದೂಕು ಸಂಘದವರು ಓದಬೇಕಾಗಿಲ್ಲ, ಅವರಿಗೆ ಕಂಠಪಾಠ. ಇನ್ನು, ಸಮೀಕ್ಷೆಯವನು ಬಾಗಿಲು ತಟ್ಟಿದಾಗ ಹೌದು ಎಂದು ಹೇಳಿ, ದೇಶಕ್ಕೆ ತನ್ನ ಋಣ ತೀರಿತೆಂದು ಬಾಗಿಲು ಮುಚ್ಚಿಕೊಂಡವನು ಶ್ರದ್ಧೆಯಿಂದ ಓದಿದರೆ, ಮತಗಟ್ಟೆ ಎಷ್ಟು ಗಂಟೆಗೆ ತೆರೆಯುತ್ತದೆಂದು ವಿಚಾರಿಸುವ ಬುದ್ಧಿ ಹುಟ್ಟುತ್ತದೆ. ಅಂಥವರು 319 ಮಂದಿ ಹೆಚ್ಚಿಗೆ ಸಿಕ್ಕಿದ್ದರೂ ಮೋರ್ಸ್‌ರ ಲೆಕ್ಕ ಸರಿಸಮವಾಗುತ್ತಿತ್ತು. ಮುನ್ನೂರ ಇಪ್ಪತ್ತನೆಯವನು ಬಂದಿದ್ದರೆ ಈ ಗ್ರಂಥ ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.