ಎಡಗುಂಡಿ ಒತ್ತಿದ್ರ ಹಳೇ ಊರು, ಬಿಟ್ರ ನವನಗರ

ಹುಬ್ಬಳ್ಳಿಯಿಂದ ವಿಜಯಪುರದ ಕಡೆ ಹೊರಟ ಹೆದ್ದಾರಿ ಘಟಪ್ರಭೆಯನ್ನು ದಾಟುವುದು ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ. ಆ ಊರಿನ ನಿವೃತ್ತ ಮಾಸ್ತರರೊಬ್ಬರ ಅಂಗಿ ಕಿಸೆಗೆ ಸಿಕ್ಕಿಸಿಕೊಂಡು ಬದುಕುತ್ತಿರುವ ಪುಟ್ಟ ಎಂಪಿ3 ಪ್ಲೇಯರೊಂದು ಪಕ್ಷಾಂತರ ಮಾಡಿದೆ ಎಂಬ ಸುದ್ದಿ ನಮ್ಮ ಕಿವಿಗೆ ಬಿತ್ತು. ಹೆಸರು ಸ್ಯಾನ್ಸಾ ಕ್ಲಿಪ್ ಪ್ಲಸ್, ಮಾರುಕಟ್ಟೆಗೆ ಬಂದದ್ದು 2009ರಲ್ಲಿ. ಹುಟ್ಟುವಾಗ ಕಂಪನಿ ತುಂಬಿ ಕಳಿಸಿದ್ದ ತಂತ್ರಾಂಶವನ್ನು ಬದಿಗೆ ಸರಿಸಿ ರಾಕ್‌ಬಾಕ್ಸ್ ಎಂಬ ಬೇರೊಂದು ಕಾರ್ಯಾಚರಣ ವ್ಯವಸ್ಥೆಗೆ ಅದು ಮೈ ಒಪ್ಪಿಸಿದೆಯಂತೆ. ಮಾಸ್ತರರು ಅಂಗಿ ಕಳಚಿ ಗೂಟಕ್ಕೆ ಹಾಕಿ ಸ್ನಾನಕ್ಕೆ ಹೋದ ಸಮಯ ಸಾಧಿಸಿ ಮಾತಾಡಿಸಿದೆವು.

ಸಂದರ್ಶಕ: ಪಕ್ಷ ಬದಲಿಸಿದ್ದು ನಿಜವೇ?

ಪ್ಲೇಯರ್: ಹಗೂರ ಮಾತಾಡ್ರಿ. ಪಕ್ಷ ಬದಲಿಸಿದವ್ರಿಗೆ ರೆಸಾರ್ಟಿನ್ಯಾಗ ರೂಮು, ಆಮ್ಯಾಲ ನಿಗಮ-ಮಂಡಳಿ ಅಧ್ಯಕ್ಷಗಿರಿ. ನನಗ ಸಿಕ್ಕಿದ್ದು ಒಂದ್ ಯುಎಸ್‌ಬಿ ವೈರ್. ಅದೂ ಮಾಸ್ತರ ತಂಗಿ ಮಗಂದು, ಹೋಗುವಾಗ ನೆನಪಿಟ್ಟು ತಗೊಂಡ ಹ್ವಾದ.

ಸಂದರ್ಶಕ: ಕಾರ್ಯಕ್ರಮ ಹೇಗೆ ನಡೆಯಿತು?

ಪ್ಲೇಯರ್: ಆ ಹುಡುಗ ಬೆಂಗಳೂರಾಗ ಕಂಪ್ಯೂಟರ್ ನೌಕರಿ ಮಾಡಾಂವ. ಹಬ್ಬಕ್ಕ ಬಂದಾಂವ ನನ್ನ ಲ್ಯಾಪ್‌ಟಾಪಿಗೆ ಸಿಗಿಸಿದ. ಮೊದಲ ಸೆಟ್ಟಿಂಗ್‌ನ್ಯಾಗ ಯುಎಸ್‌ಬಿ ಮೋಡ್ ಎಂಎಸ್‌ಸಿ ಅಂತ ಮಾಡಿದ. ಅಂದ್ರ ನಾ ಕಂಪ್ಯೂಟರಿಗೆ ಬರೇ ಪೆನ್‌ಡ್ರೈವ್ ಆಗಿ ಕಾಣಬೇಕು, ಹೆಚ್ಚಿನ ಬಡಿವಾರ ಬ್ಯಾಡ. ಆಮ್ಯಾಲ ರಾಕ್‌ಬಾಕ್ಸ್ ಯುಟಿಲಿಟಿ ಅನ್ನೋ ಪ್ರೋಗ್ರಾಂ ತೆರೆದ. ಅದು ಕಂಪನಿಯ ಫರ್ಮ್‌ವೇರ್ ಫೈಲ್ ಕೇಳ್ತು, ಅದರಾಗ ಸಣ್ಣ ಬೂಟ್‌ಲೋಡರ್ ಒಂದನ್ನ ಹೊಲಿದು ವಾಪಸ್ ನನ್ನ ಹೊಟ್ಟ್ಯಾಗ ಇಟ್ಟಿತು. ಜೋಡಿ ‘.ರಾಕ್‌ಬಾಕ್ಸ್’ ಅನ್ನೋ ಫೋಲ್ಡರ್. ಹೆಸರಿನ ಮುಂದ ಚುಕ್ಕಿ ಇರೋದಕ್ಕ ಕೆಲವು ಕಂಪ್ಯೂಟರಿನ್ಯಾಗ ಅದು ಕಣ್ಣಿಗೂ ಬೀಳೂದಿಲ್ಲ. ವೈರ್ ಕಿತ್ತ ಕೂಡಲೆ ಅಪ್‌ಡೇಟ್ ನಡದೈತಿ ಅಂತ ಪರದೆ ಮ್ಯಾಲ ಬಂತು, ಹಿಂದಿಂದ ಕತ್ತಲ. ‘ಸತ್ತಿತೇನೋ ತಮ್ಮಾ’ ಅಂದ್ರು ಮಾಸ್ತರ. ಹುಡುಗ ಉಗುಳು ನುಂಗಿದ. ನಾ ಸುಮ್ನ ಮಜಾ ತಗೊಂಡೆ.

ಸಂದರ್ಶಕ: ಹಳೆಯ ತಂತ್ರಾಂಶವನ್ನು ಒಕ್ಕಲೆಬ್ಬಿಸಿದಿರಾ?

ಪ್ಲೇಯರ್: ಒಕ್ಕಲೆಬ್ಬಿಸೋ ಮಾತು ಅನಗವಾಡ್ಯಾಗ ಆಡಬ್ಯಾಡ್ರಿ. ಸೇತುವೆ ಮ್ಯಾಲ ನಿಂತು ಒಮ್ಮೆ ನೋಡ್ರಿ, ಹರಿಯೋ ಹೊಳಿ ಹೋಗಿ ಆಲಮಟ್ಟಿ ಹಿನ್ನೀರು ನಿಂತೈತಿ. ಜಲಾಶಯದ ಮಟ್ಟ 519.60 ಮೀಟರ್, 2010ರಾಗ ಕೃಷ್ಣಾ ನ್ಯಾಯಮಂಡಳಿ 524.256 ಆಗಲಿ ಅಂತು. ಅವತ್ತಿನಿಂದ ಈ ಸೀಮ್ಯಾಗ ಮನಿ ಕಟ್ಟಾಂವ ಸಿಮೆಂಟಿನ ರೇಟಿಗಿಂತ ಮೊದಲ ಮೀಟರ್ ಲೆಕ್ಕ ಕೇಳ್ತಾನ. ನನ್ನ ಒಳಗ ಹಂಗೇನೂ ಆಗಿಲ್ಲ. ಬಾಗಲಕೋಟಿ ನೋಡೀರಲ್ಲ? ಒಂದಿಷ್ಟು ಭಾಗ ಮುಳುಗಿತು, ನವನಗರ ಎದ್ದಿತು, ಹಳೇ ಊರೂ ಉಳೀತು. ನಾನೂ ಹಂಗ. ಸುಮ್ನ ಚಾಲೂ ಮಾಡಿದ್ರ ನವನಗರ, ಅಂದ್ರ ರಾಕ್‌ಬಾಕ್ಸ್. ಎಡಗುಂಡಿ ಒತ್ತಿ ಹಿಡದು ಚಾಲೂ ಮಾಡಿದ್ರ ಹಳೇ ಊರು, ಕಂಪನಿ ತಂತ್ರಾಂಶ. ವ್ಯತ್ಯಾಸ ಒಂದ: ನನ್ನ ಪುನರ್ವಸತಿ ಒಂದ ತಾಸಿನ್ಯಾಗ ಮುಗೀತು, ಹಕ್ಕುಪತ್ರಕ್ಕ ಯಾರೂ ಕಚೇರಿ ಮೆಟ್ಟಲ ಹತ್ತಲಿಲ್ಲ.

ಸಂದರ್ಶಕ: (ವಿಷಯ ಬದಲಿಸುತ್ತ) ಹಳೆಯದೂ ಹಾಡುತ್ತಿತ್ತಲ್ಲ, ಏನು ಕೊರತೆ?

ಪ್ಲೇಯರ್: ಹಾಡತಿತ್ತು, ಇಲ್ಲನ್ನೂದಿಲ್ಲ. ಆದ್ರ ಮಾಸ್ತರ ಚಟ ಬ್ಯಾರೆ. ಮಲ್ಲಿಕಾರ್ಜುನ ಮನಸೂರರ ಬಡಾ ಖ್ಯಾಲ್ ಒಂದು ಫೈಲು, ಅದರ ಬೆನ್ನಿಗೆ ಛೋಟಾ ಖ್ಯಾಲ್ ಇನ್ನೊಂದು ಫೈಲು. ನಡುವ ಕಡದಾವ್ರು ಸೀಡಿ ಮಾಡಿದವ್ರು, ಹಾಡಿದವ್ರಲ್ಲ. ಹಳೇ ವ್ಯವಸ್ಥ್ಯಾಗ ಆ ಸಂದಿನ್ಯಾಗ ಒಂದ್ ಗಳಿಗಿ ಮೌನ, ತಬಲಾದಾಂವ ಸಮ ಹುಡುಕ್ಕೋತ ಕುಂಡರಬೇಕು. ರಾಕ್‌ಬಾಕ್ಸ್ ಸಂದು ಕಾಣದಂಗ ಕೂಡಿಸ್ತೈತಿ. ಮಾಸ್ತರ ಮೊದಲ ದಿನ ಅದನ್ನ ಕೇಳುವಾಗ ತೊಡಿ ಮ್ಯಾಲ ತಾಳ ಹಾಕಿದ್ದ ಕೈ ತಪ್ಪಲೇ ಇಲ್ಲ.

ಇನ್ನ ಅಮೀರಬಾಯಿ ಇದ್ದಾಳಲ್ರಿ. ಅಮೀರಬಾಯಿ ಕರ್ನಾಟಕಿ ನಮ್ಮ ಬೀಳಗ್ಯಾಕಿ. ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಸಿನೆಮಾಕ್ಕ ಹಾಡಿ ದೇಶಕ್ಕೆಲ್ಲ ಹೆಸರಾದಾಕಿ; ರಹಮತ್ ತರೀಕೆರೆಯವ್ರು ಆಕಿ ಮ್ಯಾಲ ಪುಸ್ತಕಾನ ಬರದಾರ. ಆಕಿ ಗ್ರಾಮಾಫೋನ್ ಪ್ಲೇಟನ್ನ ಕಂಪ್ಯೂಟರಿಗೆ ಇಳಿಸಿದ ಪುಣ್ಯಾತ್ಮ ಯಾರೋ ವೇಗ ತಪ್ಪಿಸ್ಯಾನ. ಹಾಡು ಓಡ್ತೈತಿ, ದನಿ ಸಣ್ಣ ಹುಡಿಗಿದಾಗೇತಿ. ರಾಕ್‌ಬಾಕ್ಸಿನ್ಯಾಗ ಪಿಚ್ ಅನ್ನೋ ಒಂದ್ ಪುಟ ಐತಿ. ಅಲ್ಲಿ ಒಂದೀಟ ಒಂದೀಟ ಇಳಿಸ್ಕೋತ ಬಂದ್ರ ಬೀಳಗಿ ಹೆಣಮಗಳು ತನ್ನ ದನಿಗೆ ವಾಪಸ್ ಬರ್ತಾಳ. ಸ್ವರ ಇದ್ದಲ್ಲೇ ಇಟ್ಟು ವೇಗ ಅಷ್ಟ ಕಡಿಮಿ ಮಾಡಾಕೂ ಬರ್ತೈತಿ, ತಾನ್ ಕಲಿಯಾವ್ರಿಗೆ ಅದು ಬೇಕು.

ಶ್ರೀಕೃಷ್ಣ ಪಾರಿಜಾತದ್ದು ಮತ್ತೊಂದು ಕತಿ. ರಾತ್ರಿಯೆಲ್ಲ ಆಡೋ ಆಟ, ಯಾರೋ ಪೂರಾ ಒಂದ ಫೈಲ್ ಮಾಡಿ ಕೊಟ್ಟಾರ. ಗೊಲ್ಲತಿ ಬರೂದ್ರಾಗ ಮಾಸ್ತರಗ ನಿದ್ದಿ. ಮರುದಿನ ಕೊರವಂಜಿ ಎಲ್ಲದಾಳ ಅಂತ ಗುಂಡಿ ಒತ್ಕೋತ ಕುಂಡರೋರು. ಈಗ ನಿಲ್ಲಿಸಿದ ಜಾಗಾಕ್ಕ ಗುರುತು ಇಟ್ಕೊಂತೀನಿ, ಕೊರವಂಜಿ ಅಲ್ಲೇ ಕುಂತಿರ್ತಾಳ.

(ಇಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಜಾನಪದ ಹಾಡು ಹಚ್ಚಿಕೊಂಡು ಸೇತುವೆ ಕಡೆ ಹೋದದ್ದರಿಂದ ಸಂದರ್ಶನ ನಿಂತಿತು. ಟ್ರ್ಯಾಕ್ಟರ್ ಮರೆಯಾದ ಮೇಲೂ ಕಿಟಕಿಯ ಗಾಜು ತಾಳ ಹಾಕುತ್ತಿತ್ತು.)

ಪ್ಲೇಯರ್: ಅಂವಂಗ ಇಕ್ವಲೈಜರ್ ಬಗ್ಗೆ ಹೇಳಾಕ ಹೋಗಬ್ಯಾಡ್ರಿ.

ಸಂದರ್ಶಕ: ಇಷ್ಟೆಲ್ಲ ಮಾಡಿಕೊಟ್ಟವರು ಯಾರು? ಎಷ್ಟು ತಗೊಂಡರು?

ಪ್ಲೇಯರ್: ಸ್ವೀಡನ್ ದೇಶದ ಮೂರು ಮಂದಿ ಸುರು ಮಾಡಿದ್ದು. ಬ್ಯೋರ್ನ್ ಸ್ಟೆನ್‌ಬರ್ಗ್, ಲೀನಸ್ ನೀಲ್ಸನ್ ಫೆಲ್ಟ್‌ಸಿಂಗ್, ಡೇನಿಯಲ್ ಸ್ಟೆನ್‌ಬರ್ಗ್. ಫ್ರಾನ್ಸಿನ ಆರ್ಕೋಸ್ ಕಂಪನಿಯ ಜ್ಯೂಕ್‌ಬಾಕ್ಸ್ ಒಳಗಿನ ತಂತ್ರಾಂಶ ಅವ್ರ ಮನಸ್ಸಿಗೆ ಬರಲಿಲ್ಲ. 2001ರ ಕೊನಿಗೆ ತಾವ ಬರಿಯಾಕ ಕುಂತ್ರು. ನಮ್ಮ ಕಡೆ ಆಗಿದ್ರ ಅಂಗಡಿಗೆ ಹೋಗಿ ಜಗಳಾಡಿ, ರಾಜಿಯಾಗಿ, ಒಂದ್ ಪುಕ್ಕಟೆ ಕವರ್ ಹಾಕಿಸ್ಕೊಂಡು ಬರತಿದ್ರು. ಕಂಪನಿಯವ್ರು ಒಳಗಿನ ನಕ್ಷಾ ಕೊಡಂಗಿಲ್ಲ. ಬಿಚ್ಚಿ, ತಡವಿ, ಊಹಿಸಿ ತಿಳ್ಕೊಬೇಕು. ಅವ್ರ ಹಿಂದ ಬ್ಯಾರೆ ಬ್ಯಾರೆ ದೇಶದವ್ರು ಕೂಡ್ಕೊಂಡ್ರು, ಒಂದೊಂದ ಮಾಡೆಲ್ ಹಿಡದು ಬಿಚ್ಚಿದ್ರು. ಆ ಡೇನಿಯಲ್ ಕರ್ಲ್ ಅನ್ನೋ ತಂತ್ರಾಂಶಾನೂ ಬರದಾಂವ, ನಿಮ್ಮ ಮೊಬೈಲಿನ್ಯಾಗೂ ಅದು ಇರ್ತೈತಿ, ನಿಮಗ ಗೊತ್ತಿರಂಗಿಲ್ಲ. ರೊಕ್ಕ ಕೇಳಿದ್ರಲ್ಲ? ಪುಕ್ಕಟೆ. ಜಿಪಿಎಲ್ ಪರವಾನಗಿ. ತಗೋ, ನೋಡು, ತಿದ್ದು, ಹಂಚು. ಹಂಚುವಾಗ ತಿದ್ದಿದ್ದನ್ನೂ ಬಿಚ್ಚಿ ತೋರಿಸು.

ಸಂದರ್ಶಕ: ನಿಮ್ಮನ್ನು ಹುಟ್ಟಿಸಿದ ಕಂಪನಿಗೆ ಬೇಜಾರಾಗಿರಬೇಕು.

ಪ್ಲೇಯರ್: ಅವ್ರಿಗೆ ನಾ ನೆನಪಿದ್ರಲ್ಲ ಬೇಜಾರ ಆಗೋದು. ನನ್ನ ಮಾಡೋದು ನಿಲ್ಲಿಸಿ ಕಾಲ ಆತು. ಐಪಾಡ್‌ನಂಥಾ ಐಪಾಡನ್ನೇ 2022ರಾಗ ಆಪಲ್‌ದವ್ರು ಮುಗಿಸಿಬಿಟ್ರು. ಮಾಸ್ತರ ರೊಕ್ಕಾ ಕೊಟ್ಟು ನನ್ನ ತಗೊಂಡದ್ದು ಖರೆ, ಆದ್ರ ಒಳಗ ಏನೈತಿ ಅಂತ ನೋಡೋ ಹಕ್ಕು ಸಿಕ್ಕಿದ್ದು ಈಗ.

ಸಂದರ್ಶಕ: ಹಾಗಾದರೆ ಈಗ ಎಲ್ಲ ಸುಖ.

ಪ್ಲೇಯರ್: ಸುಖ ಎಲ್ಲೈತ್ರಿ? ಮೊದಲನೇದು, ಸೆಟ್ಟಿಂಗ್ ಒಳಗ ಸೆಟ್ಟಿಂಗ್, ಅದರೊಳಗ ಮತ್ತೊಂದು. ಮಾಸ್ತರ ಒಮ್ಮೆ ಬಾಸ್ ಕಡಿಮಿ ಮಾಡಾಕ ಹೋಗಿ ಸುಡೊಕು ಆಟದಾಗ ಹೊಂಟ್ರು. ಹಾಡೋ ಪೆಟಗ್ಯಾಗ ಸುಡೊಕು ಯಾಕ ಅಂತ ಕೇಳಬ್ಯಾಡ್ರಿ, ಐಪಾಡಿನ್ಯಾಗ ಇದೇ ರಾಕ್‌ಬಾಕ್ಸ್ ಹಾಕಿ ಡೂಮ್ ಅನ್ನೋ ಗುಂಡು ಹಾರಿಸೋ ಆಟ ಆಡಾವ್ರ ಅದಾರ.

ಖರೇ ದುಃಖ ಬ್ಯಾರೆ ಐತಿ. ನನ್ನ ಪರದೆ ನೋಡ್ರಿ. ಅಗಲ 128 ಚುಕ್ಕಿ, ಎತ್ತರ 64. ಮ್ಯಾಲಿನ ಒಂದ್ ಪಟ್ಟಿ ಹಳದಿ, ಕೆಳಗೆಲ್ಲಾ ನೀಲಿ. ಆ ನೀಲ್ಯಾಗ ಹಾಡಿನ ಹೆಸರು ಕನ್ನಡದಾಗ ಬಂದ್ರ ಏನ್ ಕಾಣ್ತೈತಿ? ಖಾಲಿ ಡಬ್ಬಿ, ಸಾಲಾಗಿ. ಹುಡುಗ ಹಟಕ್ಕ ಬಿದ್ದು ಕನ್ನಡ ಅಕ್ಷರ ಇರೋ ಫಾಂಟ್ ಮಾಡಿ ಹಾಕಿದ. ಡಬ್ಬಿ ಹ್ವಾದು, ‘ಮಲ್‌ಲಿಕಾರ್‌ಜುನ’ ಬಂತು. ಅದೂ ಕೊಂಬು-ಇಳಿ ಎಲ್ಲಾ ಬಿಡಿಬಿಡಿ. ಒತ್ತು ಕೆಳಗ ಇಳಿಯೂದಿಲ್ಲ, ಅರ್ಕಾವತ್ತು ಹಿಂದ ಸರಿಯೂದಿಲ್ಲ. ನೌಕರಿ ತುಂಬ ಹುಡುಗ್ರ ಒತ್ತಕ್ಷರ ತಿದ್ದಿದ ಮನಷ್ಯಾ, ನೋಡಿದ ಕೂಡಲೆ ಕೆಂಪು ಪೆನ್ನಿಗೆ ಕೈ ಹಾಕಿದ್ರು.

ಸಂದರ್ಶಕ: ಇದು ಕನ್ನಡಕ್ಕೆ ಆದ ಅನ್ಯಾಯ! ಉಗ್ರ ಹೋರಾಟ ಆಗಬೇಕು.

ಪ್ಲೇಯರ್: ಯಾರ ಮ್ಯಾಲ ಮಾಡ್ತೀರಿ? ಮುತ್ತಿಗಿ ಹಾಕಾಕ ಆಫೀಸಿಲ್ಲ, ಮಸಿ ಬಳಿಯಾಕ ಬೋರ್ಡಿಲ್ಲ. ಅರಬ್ಬೀ ಅಕ್ಷರ ಒಂದಕ್ಕೊಂದು ಕೂಡಬೇಕು, ಬಲದಿಂದ ಎಡಕ್ಕ ಹೋಗಬೇಕು. ಅದಕ್ಕ ಬೇಕಾದ ಕೋಡ್ ಬೇಕಾದವ್ರ ಬರದು ಸೇರಿಸ್ಯಾರ, ನನ್ನೊಳಗ ಐತಿ. ಹೀಬ್ರೂಕ್ಕೂ ಐತಿ. ಕನ್ನಡದ ಒತ್ತು ಕೂಡಸೋ ಕೋಡ್ ಇಲ್ಲ, ಬರದು ಕಳಿಸಿದವ್ರ ಇಲ್ಲದ್ದಕ್ಕ. ಬೆಂಗಳೂರಾಗ ಕೋಡ್ ಬರಿಯಾವ್ರು ಕಡಿಮಿ ಬಿದ್ದಾರೇನು?

(ಸಂದರ್ಶಕ ನೋಟ್‌ಬುಕ್ಕಿನ ಪುಟ ತಿರುವಿದಂತೆ ಮಾಡಿದ.)

ಸಂದರ್ಶಕ: ಅಲ್ಲಿಯವರೆಗೆ ಏನು ಮಾಡೋಣ?

ಪ್ಲೇಯರ್: ನಾ ಮಾತಾಡ್ತೀನಿ, ಅದನ್ನ ಬಳಸ್ರಿ. ಮೆನು ಓದಿ ಹೇಳೋ ಗುಣ ನನಗೈತಿ. ಕಣ್ಣು ಕಾಣದವ್ರು ರಾಕ್‌ಬಾಕ್ಸ್ ಹಚ್ಚಿಕೊಂಡಿದ್ದು ಅದಕ್ಕ. ‘ಮನಸೂರ’ ಅಂತ ಮಾಸ್ತರ ದನಿಯಾಗ ರೆಕಾರ್ಡ್ ಮಾಡಿ, ಸಣ್ಣ ಟಾಕ್ ಫೈಲಾಗಿ ಫೋಲ್ಡರಿನ್ಯಾಗ ಇಟ್ರ, ಆ ಫೋಲ್ಡರಿಗೆ ಬಂದಾಗ ಮಾಸ್ತರನ ಕೂಗಿ ಹೇಳ್ತಾರ. ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ನಾಡ ತುಂಬ ಗವಾಯಿಗಳನ್ನ ಮಾಡಿದ್ರು. ಅಂಥಾ ಸೀಮ್ಯಾಗ ನಾ ಇಂಗ್ಲಿಷಿನ್ಯಾಗ ‘ಫೈಲ್ಸ್, ಸೆಟ್ಟಿಂಗ್ಸ್’ ಅಂತ ಒದರಿದ್ರ ನನಗ ನಾಚಿಕಿ ಬರ್ತೈತಿ.

ಮೆನುವಿನ ಮಾತೆಲ್ಲಾ ಒಂದ ಸಾದಾ ಪಠ್ಯದ ಫೈಲಿನ್ಯಾಗ ಅದಾವ. ಇಂಗ್ಲಿಷ್ ಒಂದ್ ಸಾಲು, ಅದರ ಕೆಳಗ ನಿಮ್ಮ ಭಾಷಾದ್ದು ಒಂದ್ ಸಾಲು, ಬಾಯಿಲೆ ಹೇಳಾಕ ಮತ್ತೊಂದು. ಕೋಡ್ ಬರಬೇಕಂತಿಲ್ಲ, ಕನ್ನಡ ಬಂದ್ರ ಸಾಕು. ಕನ್ನಡ ಓದಿ ಹೇಳೋ ಈಸ್ಪೀಕ್ ಅನ್ನೋ ಮುಕ್ತ ತಂತ್ರಾಂಶ ತಯಾರೈತಿ, ಆ ಸಾಲುಗಳಿಂದ ಅದು ದನಿ ಮಾಡಿ ಕೊಡ್ತೈತಿ. ಪರದೆ ಮ್ಯಾಲ ಡಬ್ಬಿ ಇದ್ರ ಇರ್ಲಿ, ನೋಡದವ್ರಿಗೆ ಡಬ್ಬಿ ಏನ್ ಮಾಡ್ತಾವ? ಸ್ನಾನ ಮುಗೀತು, ಮಾಸ್ತರ ಬಂದ್ರು, ಲಗೂ ಬರಕೋರಿ: ಈ ಸಲ ರಾಜ್ಯೋತ್ಸವಕ್ಕ ಭಾಷಣ ತಯಾರ ಮಾಡಾವ್ರು ಅದನ್ನ ಬಿಟ್ಟು ಆ ಫೈಲ್ ತೆರೀರಿ, ‘ಸೆಟ್ಟಿಂಗ್ಸ್’ ಅನ್ನೋದಕ್ಕ ಒಂದ್ ಚಲೋ ಕನ್ನಡ ಮಾತು ಬರೀರಿ, ಕೆಳಗಿನ ಸಾಲಿಗೆ ಹೋಗ್ರಿ.