ಎರಡನೇ ಪುಟದ ಹಪ್ಪಳ

ನಮ್ಮಕ್ಕನ ಮಗ ಐಟಿ ಕೆಲಸ ಬಿಟ್ಟು ಹಪ್ಪಳ ಮಾರಲು ಹೊರಟಾಗ, ಹುಡುಗನಿಗೆ ಪ್ರೇಮಭಂಗ ಆಗಿರಬೇಕು ಎಂದು ನೆಂಟರೆಲ್ಲ ತೀರ್ಮಾನಿಸಿದರು. ಆಗಿದ್ದು ಅದಲ್ಲ, ಸ್ಟಾರ್ಟಪ್. “ನಮ್ದು ಬೂಟ್‌ಸ್ಟ್ರ್ಯಾಪ್ಡ್ ಕಂಪನಿ ಮಾಮ” ಎಂದ. ನಾನು ಅವನ ಕಾಲು ನೋಡಿದೆ. ಹವಾಯಿ ಚಪ್ಪಲಿ, ಅದರಲ್ಲೂ ಒಂದರ ಉಂಗುಷ್ಠಕ್ಕೆ ಪಿನ್ನು. ಬಂಡವಾಳ ಹಾಕುವವರು ಯಾರೂ ಇಲ್ಲ, ಎಲ್ಲ ಕೈಯಿಂದಲೇ ಖರ್ಚು ಎನ್ನುವುದಕ್ಕೆ ಹಾಗೆನ್ನುತ್ತಾರಂತೆ. ಕೈ ಅಂದರೆ ಅಕ್ಕನ ಕೈ. ಅದರಲ್ಲಿದ್ದ ಎರಡು ಬಳೆ ಈಗ ಕಾಣುವುದಿಲ್ಲ.

ಸರಕಿನ ಬಗ್ಗೆ ನನ್ನ ತಕರಾರಿಲ್ಲ. ತೀರ್ಥಹಳ್ಳಿ ಕಡೆಯ ಹಲಸಿನ ಹಪ್ಪಳ. ಏಪ್ರಿಲ್-ಮೇ ಬಿಸಿಲಲ್ಲಿ ಅಕ್ಕ ಮತ್ತು ಆಚೀಚೆ ಮನೆಯ ನಾಲ್ಕು ಹೆಂಗಸರು ಬಲಿತ ಕಾಯಿಯ ತೊಳೆ ಬೇಯಿಸಿ, ಮೆಣಸು-ಕೊತ್ತಂಬರಿ-ಉಪ್ಪು ಸೇರಿಸಿ ಕುಟ್ಟಿ, ಉಂಡೆ ಒತ್ತಿ, ಚಾಪೆ ಮೇಲೆ ಒಣಗಿಸಿದ್ದು. ಕರಿದರೆ ಪಕ್ಕದ ಬೀದಿಯವರಿಗೂ ಹೊಟ್ಟೆ ಹಸಿಯಬೇಕು. ಈ ವಾಸನೆಗೆ ಎಸ್‌ಇಒ, ಅಂದರೆ ಗೂಗಲ್ಲಿನಲ್ಲಿ ಮೇಲೆ ಬರುವ ವಿದ್ಯೆ, ಬೇಕಿಲ್ಲ. ಆದರೆ ವಾಸನೆ ಇಂಟರ್‌ನೆಟ್ಟಿನಲ್ಲಿ ಹೋಗುವುದಿಲ್ಲವಲ್ಲ!

ದೀಪಾವಳಿಗೆ ವೆಬ್‌ಸೈಟು ಉದ್ಘಾಟನೆಯಾಯಿತು. ಶಿವರಾತ್ರಿಯವರೆಗೆ ಅದಕ್ಕೆ ಬಂದವರು ಮೂರು ಮಂದಿ: ಅವನು, ನಾನು, ಅವನಮ್ಮ. ಅಕ್ಕ ಫೋನಿನಲ್ಲಿ ತೆರೆದರೆ ಒಂದೊಂದು ಫೋಟೋನೂ ಯಕ್ಷಗಾನದ ಪರದೆ ಹಿಂದಿನ ವೇಷದ ಹಾಗೆ ಮೊದಲು ಕಿರೀಟ, ಆಮೇಲೆ ಹಣೆ, ಆಮೇಲೆ ಮೀಸೆ ಎಂದು ಇಳಿದು ಬರುತ್ತಿತ್ತು. ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಎಂಟು ಎಂಬಿಯ ಚಿತ್ರಗಳನ್ನು ಹಾಗೆಯೇ ಏರಿಸಿದ್ದ ಪುಣ್ಯಾತ್ಮ. ಗೂಗಲ್ಲಿನಲ್ಲಿ ಹುಡುಕಿದರೆ ಅಷ್ಟೂ ಇಲ್ಲ. ಮೊದಲ ಪುಟ, ಎರಡನೇ ಪುಟ, ಹತ್ತನೇ ಪುಟ, ಎಲ್ಲೂ ಇಲ್ಲ.

ಕೊನೆಗೆ ಅವನ ಬಾಡಿಗೆ ಮನೆಯ ಕೆಳಗಡೆ ಇರುವ ಓನರಿನ ಮಗಳು, ಎಂಜಿನಿಯರಿಂಗ್ ಮೂರನೇ ವರ್ಷದವಳು, ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡಳು. ಸೈಟು ಕಟ್ಟಲು ಬಳಸಿದ ವರ್ಡ್‌ಪ್ರೆಸ್ಸಿನ ಸೆಟ್ಟಿಂಗ್ಸಿನಲ್ಲಿ ಒಂದು ಪುಟ್ಟ ಚೌಕ ಇದೆ. ಸೈಟು ಇನ್ನೂ ಕಟ್ಟುತ್ತಿದ್ದೇವೆ, ಸರ್ಚ್ ಎಂಜಿನ್ನುಗಳು ಈ ಕಡೆ ತಲೆ ಹಾಕುವುದು ಬೇಡ ಎನ್ನುವ ಅರ್ಥದ್ದು. ಕಟ್ಟುವಾಗ ಅದಕ್ಕೆ ಟಿಕ್ ಹಾಕಿದವನು ತೆಗೆಯಲು ಮರೆತಿದ್ದ. ಅಂದರೆ ನಾಲ್ಕು ತಿಂಗಳು ಅಂಗಡಿ ಬಾಗಿಲಿಗೆ ‘ಒಳಗೆ ಬರಬೇಡಿ’ ಎಂಬ ಬೋರ್ಡು ತೂಗುಹಾಕಿ, ಒಳಗೆ ಕೂತು ಗಿರಾಕಿ ಯಾಕೆ ಬರುತ್ತಿಲ್ಲ ಎಂದು ದೇವರಿಗೆ ಹರಕೆ ಹೊತ್ತಿದ್ದಾನೆ. ಹುಡುಗಿ ತೆಗೆದುಕೊಂಡ ಸಮಯ ಐದು ನಿಮಿಷ. ಕನ್ಸಲ್ಟೆನ್ಸಿ ಫೀಸು ಆರು ಹಪ್ಪಳ.

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಯುಗಾದಿಯ ಹೊತ್ತಿಗೆ ಅವನಿಗೊಂದು ಫೋನು ಬಂತು. “ಸಾರ್, ಮೂವತ್ತೇ ದಿನದಲ್ಲಿ ಫಸ್ಟ್ ಪೇಜ್, ಗ್ಯಾರಂಟಿ.” ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್ಲೇ ಬರೆದಿಟ್ಟಿದೆ. ಬರೆದಿಟ್ಟದ್ದನ್ನು ಓದುವವರು ಯಾರು? ಏಜೆನ್ಸಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಈ ಹರಟೆಯಿಂದಲೇ ಅವರಿಗೊಂದು ಪ್ರಚಾರ ಸಿಕ್ಕೀತು. ಮುಂಗಡ ತೆಗೆದುಕೊಂಡರು. ಮೂವತ್ತು ದಿನಕ್ಕೆ ಸರಿಯಾಗಿ ಸ್ಕ್ರೀನ್‌ಶಾಟ್ ಕಳಿಸಿದರು. ನಿಜವಾಗಿಯೂ ಮೊದಲ ಪುಟ, ಮೊದಲ ಸಾಲು! ಹುಡುಗ ಮೈಸೂರುಪಾಕು ತಂದ. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಹುಡುಕಿದ ಪದ ಯಾವುದು? ಅವನದೇ ಕಂಪನಿಯ ಹೆಸರು. ಸಂಸ್ಕೃತಕ್ಕೂ ಇಟಾಲಿಯನ್ನಿಗೂ ಮದುವೆ ಮಾಡಿಸಿ ಅವನು ತಾನೇ ಹುಟ್ಟಿಸಿದ ಪದ, ಭೂಮಂಡಲದಲ್ಲಿ ಇನ್ನೊಬ್ಬರು ಉಚ್ಚರಿಸದ ಪದ. ಅದನ್ನು ಹುಡುಕಿದರೆ ಅವನೇ ಮೊದಲು. ಒಬ್ಬನೇ ಓಡಿದ ಪಂದ್ಯದಲ್ಲಿ ಪ್ರಥಮ ಬಹುಮಾನ.

ಅದೇ ಏಜೆನ್ಸಿ ಇನ್ನೊಂದು ಆಸೆ ಹುಟ್ಟಿಸಿತ್ತು: ಇಷ್ಟು ದುಡ್ಡಿಗೆ ಇನ್ನೂರು ಬ್ಯಾಕ್‌ಲಿಂಕ್. ಬ್ಯಾಕ್‌ಲಿಂಕ್ ಎಂದರೇನೆಂದು ಅಕ್ಕ ಕೇಳಿದಳು. ಮಗರಾಯ ಅಲ್ಗಾರಿದಮ್ಮು ಅಂತ ಶುರುಮಾಡಿದ. ನಾನು ತಡೆದೆ. “ನೋಡಕ್ಕ, ಹುಡುಗ ನೋಡೋಕೆ ಹೋಗ್ತೀವಿ. ಹುಡುಗನ ಅಪ್ಪ ‘ನಮ್ಮೋನು ಚಿನ್ನ’ ಅಂದ್ರೆ ನಂಬ್ತೀಯಾ? ಇಲ್ಲ. ಊರಲ್ಲಿ ವಿಚಾರಿಸ್ತೀಯ. ದೇವಸ್ಥಾನದ ಭಟ್ಟರು, ಹೈಸ್ಕೂಲು ಹೆಡ್ಮಾಸ್ತರು ಒಳ್ಳೇದು ಹೇಳಿದ್ರೆ ಅದಕ್ಕೊಂದು ತೂಕ. ಬಸ್‌ಸ್ಟ್ಯಾಂಡ್ ಕಟ್ಟೆಮೇಲೆ ಕೂತ ಸೋಮಾರಿ ಹೇಳಿದ್ರೆ ಇನ್ನೊಂದು ತೂಕ. ಹೇಳಿದೋನನ್ನ ಊರು ಎಷ್ಟು ನಂಬುತ್ತೋ ಅವನ ಮಾತಿಗೆ ಅಷ್ಟೇ ಬೆಲೆ.” ಸ್ಟ್ಯಾನ್‌ಫರ್ಡಿನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್ ಲೆಕ್ಕ ಕಟ್ಟಿದ್ದು ಇದನ್ನೇ. ಒಬ್ಬ ವಿದ್ವಾಂಸನ ಪ್ರಬಂಧವನ್ನು ಯಾರ್‍ಯಾರು ಉಲ್ಲೇಖಿಸಿದ್ದಾರೆ ಎಂದು ನೋಡುವ ಹಾಗೆ, ಒಂದು ಪುಟದ ಕಡೆ ಯಾರ್‍ಯಾರ ಪುಟ ಬೆರಳು ತೋರಿಸಿದೆ ಎಂದು ನೋಡುವುದು. ಅದಕ್ಕೆ ಪೇಜ್‌ರ್‍ಯಾಂಕ್ ಎಂದು ಹೆಸರು. ಪುಟದ ಪೇಜೂ ಹೌದು, ಲ್ಯಾರಿಯ ಪೇಜೂ ಹೌದು. ಅದರ ಮೇಲೆಯೇ ನಿಂತು 1998ರಲ್ಲಿ ಗೂಗಲ್ ಕಂಪನಿಯಾಯಿತು.

“ಹಂಗಾದ್ರೆ ದುಡ್ಡು ಕೊಟ್ಟು ಇನ್ನೂರು ಜನರ ಕೈಲಿ ಒಳ್ಳೇದು ಹೇಳಿಸೋದು?” ಅಕ್ಕ ಕೇಳಿದಳು.

“ಮದುವೆ ಆದಮೇಲೆ ಗೊತ್ತಾಗುತ್ತೆ.”

ಗೂಗಲ್ಲಿಗೂ ಗೊತ್ತಾಗುತ್ತದೆ. 2006ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ, ಸರ್ಚ್ ಎಂಜಿನ್ನಿಗೆ ಒಂದು ಪುಟ ತೋರಿಸಿ ಬಂದ ಗಿರಾಕಿಗೆ ಇನ್ನೊಂದು ತೋರಿಸುತ್ತಿತ್ತು. ಸಿಕ್ಕಿಬಿದ್ದು ಕೆಲದಿನ ಫಲಿತಾಂಶದಿಂದಲೇ ಹೊರಗೆ ಕೂತಿತು. 2011ರಲ್ಲಿ ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿಯ ಪರವಾಗಿ ಸಂಬಂಧವೇ ಇಲ್ಲದ ಸೈಟುಗಳಲ್ಲಿ ರಾಶಿರಾಶಿ ಲಿಂಕು ಇರುವುದನ್ನು ನ್ಯೂಯಾರ್ಕ್ ಟೈಮ್ಸ್ ಪತ್ತೆಹಚ್ಚಿ ಬರೆಯಿತು. ಗೂಗಲ್ ಅದನ್ನು ಮೇಲಿನಿಂದ ಎತ್ತಿ ಪಾತಾಳಕ್ಕೆ ಹಾಕಿತು. ಮುಂದಿನ ವರ್ಷ ಇಂಥ ಕಳ್ಳ ಲಿಂಕು ಹಿಡಿಯುವುದಕ್ಕೆಂದೇ ಬಂದ ಅಪ್‌ಡೇಟಿಗೆ ಪೆಂಗ್ವಿನ್ ಎಂದು ಮುದ್ದಾದ ಹೆಸರು. ಅದರ ಹಿಂದಿನ ವರ್ಷ ಬಂದದ್ದು ಪಾಂಡಾ. ಹೆಸರೇನೋ ಮಕ್ಕಳ ಗೊಂಬೆಯದು, ಕೆಲಸ ಇನ್‌ಕಮ್ ಟ್ಯಾಕ್ಸಿನವರದು. ಬಿಎಂಡಬ್ಲ್ಯು ಅದನ್ನೆಲ್ಲ ತಡೆದುಕೊಳ್ಳುತ್ತದೆ. ನಮ್ಮ ಅಕ್ಕನ ಕೈಯಲ್ಲಿ ಇನ್ನು ಬಳೆಯಿಲ್ಲ.

ಲಿಂಕಿನ ಆಸೆ ಬಿಟ್ಟು, ಗೂಗಲ್ ಜಾಹೀರಾತನ್ನೂ ನೋಡಿಬಿಡೋಣ ಎಂದು ಹುಡುಗ ಒಂದು ವಾರಾಂತ್ಯ ಐದು ಸಾವಿರ ಸುರಿದ. ಅಲ್ಲಿ ಪದಗಳ ಹರಾಜು. ಒಬ್ಬರು ಒತ್ತಿದರೆ ಇಷ್ಟು ರೂಪಾಯಿ. ಒತ್ತಿದರು, ಬಹಳ ಜನ ಒತ್ತಿದರು. ಸೋಮವಾರ ಫೋನುಗಳ ಸುರಿಮಳೆ: “ಮನೇಲೇ ಕೂತು ಹಪ್ಪಳ ಪ್ಯಾಕಿಂಗ್ ಮಾಡೋ ಕೆಲಸ ಇದೆಯಂತಲ್ಲ ಸಾರ್, ಸಂಬಳ ಎಷ್ಟು?” ಹಪ್ಪಳ ಕೊಳ್ಳುವವರನ್ನು ಕರೆದರೆ ಹಪ್ಪಳದಲ್ಲಿ ಕೆಲಸ ಹುಡುಕುವವರು ಬಂದಿದ್ದರು. ಬೇಡದ ಪದಗಳ ಪಟ್ಟಿ ಕೊಟ್ಟು ಇಂಥವನ್ನು ತಡೆಯಬಹುದಂತೆ. ಅದು ಗೊತ್ತಾಗುವ ಹೊತ್ತಿಗೆ ದುಡ್ಡು ಮುಗಿದಿತ್ತು.

ದುಡ್ಡು ಮುಗಿದದ್ದೇ ಒಳ್ಳೆಯದಾಯಿತು ಎಂದು ನನಗನಿಸುತ್ತದೆ. ಖರ್ಚು ಮಾಡಲು ಏನೂ ಇಲ್ಲದ ಮೇಲೆ ಕಿವಿಯಾದರೂ ತೆರೆಯಬೇಕಲ್ಲ. ಸರ್ಚ್ ಕನ್ಸೋಲ್ ಎಂಬುದು ಗೂಗಲ್ ಪುಕ್ಕಟೆ ಕೊಡುವ ಕಿಟಕಿ. ಜನ ಏನೆಂದು ಬರೆದು ಹುಡುಕಿದಾಗ ನಿನ್ನ ಪುಟ ಕಂಡಿತು, ಎಷ್ಟನೆಯದಾಗಿ ಕಂಡಿತು, ಎಷ್ಟು ಜನ ಒತ್ತಿದರು ಎಂದು ಅದು ತೋರಿಸುತ್ತದೆ. ಒಂದು ರಾತ್ರಿ ಹುಡುಗ, ಅಕ್ಕ, ನಾನು ಮೂವರೂ ಅದನ್ನು ಓದುತ್ತ ಕೂತೆವು. ಸೈಟಿನಲ್ಲಿ ಹುಡುಗ ಇಟ್ಟ ಹೆಸರು ‘ಆರ್ಟಿಸನಲ್ ಸನ್-ಡ್ರೈಡ್ ಜಾಕ್‌ಫ್ರೂಟ್ ಕ್ರಿಸ್ಪ್ಸ್’. ಜನ ಹುಡುಕಿದ್ದು ಇಂಗ್ಲಿಷ್ ಅಕ್ಷರದಲ್ಲಿ ‘ಹಲಸಿನ ಹಪ್ಪಳ’, ‘ಹಲ್ಸಿನ್ ಹಪ್ಪಳ ಬೆಂಗ್ಳೂರ್’, ‘ಹಲಸಿನ ಹಪ್ಪಳ ಕೆಂಪಗಾಗೋದು ಯಾಕೆ’. ಮಲ್ಲೇಶ್ವರದ ಸಂತೆಯಲ್ಲಿ ನಿಂತು ಇಟಾಲಿಯನ್ನಿನಲ್ಲಿ ಕೂಗಿದರೆ ಗಿರಾಕಿ ಹೇಗೆ ತಿರುಗಬೇಕು?

ಒಂದು ಕನ್ನಡ ಪುಟವೇನೋ ಇತ್ತು. ಅದರ ಕಥೆ ಇನ್ನೂ ಚೆನ್ನ. ಲೇಬಲ್ ಮಾಡಿಕೊಟ್ಟ ಡಿಟಿಪಿ ಅಂಗಡಿಯವನ ಫೈಲಿನಿಂದ ಎತ್ತಿ ಅಂಟಿಸಿದ್ದು. ಯೂನಿಕೋಡ್ ಅಲ್ಲದ ಹಳೇ ಫಾಂಟು. ಕಣ್ಣಿಗೆ ಕನ್ನಡ, ಒಳಗೆ ತಲೆಮೇಲೆ ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು. ಗೂಗಲ್ಲಿಗೆ ಅದು ಕನ್ನಡವೂ ಅಲ್ಲ, ಹಪ್ಪಳವೂ ಅಲ್ಲ.

ಆಮೇಲೆ ಬರೆದದ್ದೆಲ್ಲ ಅಕ್ಕ. ಬರೆದದ್ದಲ್ಲ, ಹೇಳಿದ್ದು. ಹಪ್ಪಳ ಕೆಂಪಗಾದರೆ ಎಣ್ಣೆ ಅತಿಯಾಗಿ ಕಾದಿದೆ ಎಂದರ್ಥ, ಉರಿ ತಗ್ಗಿಸಿ. ಎಣ್ಣೆ ಕುಡಿಯುತ್ತಿದೆಯೇ? ಕಾದಿಲ್ಲ, ಅವಸರ ಬೇಡ. ಮಳೆಗಾಲದಲ್ಲಿ ಮೆತ್ತಗಾದರೆ ಬಿಸಿಲು ಕಂಡ ದಿನ ಒಂದು ಗಂಟೆ ಹರಡಿ, ತಣಿದ ಮೇಲೇ ಡಬ್ಬಿ ಮುಚ್ಚಿ. ಹುಡುಗ ಬೆರಳಚ್ಚು ಮಾಡಿದ, ಒಂದೊಂದು ಪ್ರಶ್ನೆಗೆ ಒಂದೊಂದು ಪುಟ. ಓನರಿನ ಮಗಳು ಚಿತ್ರಗಳನ್ನು ಕುಗ್ಗಿಸಿದಳು. ಬರೀ ಅಂಕಿಯಾಗಿದ್ದ ಫೋಟೋ ಫೈಲುಗಳಿಗೆ ಹಲಸಿನ ಹಪ್ಪಳವೆಂದೇ ನಾಮಕರಣ ಮಾಡಿದಳು. (ಈ ಹುಡುಗಿ ಈಚೆಗೆ ಮೇಲಿನ ಮನೆಗೆ ಮೆಟ್ಟಿಲು ಹತ್ತುವುದು ಜಾಸ್ತಿಯಾಗಿದೆ. ಅದು ಬೇರೆ ಹರಟೆ.)

ಗೂಗಲ್ ಮ್ಯಾಪಿನಲ್ಲಿ ಅಂಗಡಿಯನ್ನು ಪುಕ್ಕಟೆಯಾಗಿ ನೋಂದಾಯಿಸಿದ್ದೂ ಆಗಲೇ. ವಿಮರ್ಶೆ ಬರೆಯಿರಿ ಎಂದು ನೆಂಟರ ಗುಂಪಿನಲ್ಲಿ ಕೋರಿದ. ಒಂದೇ ಮಧ್ಯಾಹ್ನ ಹನ್ನೊಂದು ಬಂದವು. ಹಪ್ಪಳದ ಮಾತು ಎರಡರಲ್ಲಿ, ಮಿಕ್ಕದ್ದರಲ್ಲಿ ‘ಹುಡುಗ ಬಂಗಾರ, ಬೇಗ ಕಂಕಣಭಾಗ್ಯ ಕೂಡಿಬರಲಿ’. ದೊಡ್ಡತ್ತೆ ಒಂದೇ ನಕ್ಷತ್ರ ಕೊಟ್ಟಿದ್ದರು. ವಿಚಾರಿಸಿದರೆ, “ಫಸ್ಟ್ ರ್‍ಯಾಂಕ್ ಕೊಟ್ಟಿದೀನಲ್ಲೋ, ಐದನೇ ರ್‍ಯಾಂಕ್ ಯಾಕೆ ಕೊಡ್ಲಿ ನಿಂಗೆ?” ಗೂಗಲ್ಲಿಗೆ ನೆಂಟರ ಕಾಟವೂ ಗೊತ್ತು, ಕೆಲವು ವಿಮರ್ಶೆ ಕಾಣೆಯಾದವು. ದೊಡ್ಡತ್ತೆಯದು ಮಾತ್ರ ಈಗಲೂ ಇದೆ.

ಇಷ್ಟಾದರೂ ಒಂದು ವಿಷಯಕ್ಕೆ ಮದ್ದಿಲ್ಲ: ಕಾಯುವುದು. ಮಾಡಿದ ಕೆಲಸದ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕಾಗುತ್ತದೆ ಎಂದು ಗೂಗಲ್ಲಿನವರೇ ಒಮ್ಮೆ ಹೇಳಿದ್ದರು. ಮೇ ಕಳೆಯಿತು. ಜೂನ್ ಹೋಯಿತು. ಹುಡುಗ ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ತನ್ನ ಸ್ಥಾನ ನೋಡುತ್ತಿದ್ದ. ಮೂವತ್ತೆಂಟು, ಮೂವತ್ತೊಂದು, ಇಪ್ಪತ್ತಾರು. ಆಷಾಢದಲ್ಲಿ ಹದಿನಾಲ್ಕಕ್ಕೆ ಬಂದು ಅಲ್ಲೇ ಹಟಹಿಡಿದು ಕೂತಿತು. ಅದೇ ಎರಡನೇ ಪುಟ. ತೇರು ಬೀದಿಗೆ ಬಂದು, ಚಕ್ರಕ್ಕೆ ಕಲ್ಲು ಸಿಕ್ಕಿ ನಿಂತ ಹಾಗೆ.

ಗೌರಿ ಹಬ್ಬದ ಹಿಂದಿನ ದಿನ ಅವನ ಫೋನು. ಉಸಿರು ಮೇಲೆ ಕೆಳಗೆ. “ಮಾಮ, ನಾಲ್ಕನೇ ಜಾಗ! ಮೊದಲನೇ ಪುಟ! ನಿನ್ನೆ ಒಂದೇ ದಿನ ಹತ್ತೊಂಬತ್ತು ಆರ್ಡರು, ಒಬ್ರು ಹುಬ್ಬಳ್ಳಿಯಿಂದ, ಒಬ್ರು ಪುಣೆಯಿಂದ!” ನನಗೂ ಖುಷಿಯಾಯಿತು. ಕೂಡಲೇ ಅಕ್ಕನಿಗೆ ಫೋನು ಹಚ್ಚಿ, ಹಬ್ಬಕ್ಕೆ ನನಗೂ ಎರಡು ಕಟ್ಟು ಹಪ್ಪಳ ಕಳಿಸು ಎಂದೆ.

ಆ ಕಡೆ ತೀರ್ಥಹಳ್ಳಿಯ ಮಳೆ ಹಂಚಿನ ಮೇಲೆ ಹುಯ್ಯುವ ಸದ್ದು.

“ಎಲ್ಲಿಂದ ಕಳಿಸ್ಲಿ? ಹಪ್ಪಳ ಆಗ್ಲೇ ಖಾಲಿ. ಅವನಿಗೂ ಅದನ್ನೇ ಹೇಳಿದೆ. ಬರೋ ವರ್ಷ ಹಲಸು ಬಿಡೋವರೆಗೆ ಆ ಗೂಗಲ್‌ನೋರಿಗೆ ಸ್ವಲ್ಪ ತಡ್ಕಳಕ್ಕೆ ಹೇಳು ಅಂತ.”